ಕೂಕಾಯ್ ಪಡೆದದ್ದು ದೀಕ್ಷೆಯೋ ಅಭಿಷೇಕವೋ?

ಪ್ರಶ್ನೆ: ಜಪಾನಿನ ಭಿಕ್ಷು ಕೂಕಾಯ್ ಬಗ್ಗೆ ಬರೆಯುವಾಗ ‘ಕಂಜೋ’ ಎಂಬ ವಿಧಿಗೆ ‘ದೀಕ್ಷೆ’ ಎನ್ನಬಹುದೇ? ಆತ ಚೀನಾದಲ್ಲಿ ಕಲಿತು ತಂದ ‘ಎಸೋಟೆರಿಕ್’ (ಗುರುವಿನಿಂದ ನೇರವಾಗಿ ಶಿಷ್ಯನಿಗಷ್ಟೇ ದಾಟುವ) ಬೋಧೆಗೆ ‘ಗುಹ್ಯ’ ಸಾಕೇ?

ಉತ್ತರ: ‘ದೀಕ್ಷೆ’ ದಯವಿಟ್ಟು ಬೇಡ. ಬೌದ್ಧ ದೀಕ್ಷೆ ಎಂದರೆ ಕನ್ನಡ ಓದುಗರಿಗೆ 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಸ್ವೀಕರಿಸಿದ್ದು ನೆನಪಾಗುತ್ತದೆ, ಅಂದರೆ ಧರ್ಮಕ್ಕೆ ಸೇರುವುದು. ಸನ್ಯಾಸ ದೀಕ್ಷೆ ಎಂದರೆ ಕಾವಿ ತೊಡುವುದು. 805ರಲ್ಲಿ ಚೀನಾದ ಚಾಂಗಾನ್ ನಗರದ ಚಿಂಗ್‌ಲಾಂಗ್ ವಿಹಾರದಲ್ಲಿ ಗುರು ಹುಯಿಗುವೊ ಎದುರು ನಿಂತಾಗ ಕೂಕಾಯ್ ಆಗಲೇ ಭಿಕ್ಷು. ‘ದೀಕ್ಷೆ ಪಡೆದ’ ಎಂದು ಬರೆದರೆ ಅಲ್ಲೇ ಭಿಕ್ಷುವಾದ ಎಂಬ ತಪ್ಪು ಅರ್ಥ ಬರುತ್ತದೆ.

‘ಕಂಜೋ’ ಚೀನೀ ಪದದ ಜಪಾನೀ ಉಚ್ಚಾರ. ಎರಡು ಅಕ್ಷರ: ಒಂದಕ್ಕೆ ‘ಸುರಿ’, ಇನ್ನೊಂದಕ್ಕೆ ‘ನೆತ್ತಿ’ ಎಂಬ ಅರ್ಥ. ಇದು ನಮ್ಮ ‘ಅಭಿಷೇಕ’ದ ಅನುವಾದವೇ. ಹುಯಿಗುವೊ ಗುರು ಅಮೋಘವಜ್ರ, ಅವರ ಗುರು ವಜ್ರಬೋಧಿ. ವಜ್ರಬೋಧಿ ಭಾರತದಿಂದ ಕಡಲ ಹಾದಿಯಲ್ಲಿ 720ರ ಸುಮಾರಿಗೆ ಚೀನಾ ತಲುಪಿದವರು. ಹಾಗಾಗಿ ಮೂಲಪದವನ್ನೇ ಇಟ್ಟುಕೊಳ್ಳುವುದು ನ್ಯಾಯ.

ತೊಡಕು ಒಂದಿದೆ. ಬರಿ ‘ಅಭಿಷೇಕ’ ಎಂದರೆ ಲಿಂಗದ ಮೇಲೆ ಸುರಿಯುವ ಹಾಲು, ಜೇನು ಕಣ್ಣಿಗೆ ಬರುತ್ತವೆ. ಇದರ ಹತ್ತಿರದ ನೆಂಟ ಪಟ್ಟಾಭಿಷೇಕ: ನೆತ್ತಿಗೆ ನೀರು ಬೀಳುವುದರೊಂದಿಗೆ ಅಧಿಕಾರವೂ ಬರುತ್ತದೆ. ಆದ್ದರಿಂದ ಮೊದಲ ಸಲ ಬಳಸುವಾಗ ವಿಧಿಯನ್ನೇ ಎರಡು ಸಾಲಿನಲ್ಲಿ ವಿವರಿಸಿಬಿಡಿ. ಶಿಷ್ಯನ ಕಣ್ಣಿಗೆ ಬಟ್ಟೆ ಕಟ್ಟಿ ಮಂಡಲದ, ಅಂದರೆ ಬುದ್ಧ, ಬೋಧಿಸತ್ವರ ಮೂರ್ತಿಗಳನ್ನು ಬರೆದ ಚಿತ್ರದ, ಮುಂದೆ ನಿಲ್ಲಿಸುತ್ತಾರೆ. ಅವನು ಹೂವೊಂದನ್ನು ಅದರ ಮೇಲೆ ಬೀಳಿಸುತ್ತಾನೆ. ಅದು ಯಾವ ಮೂರ್ತಿಯ ಮೇಲೆ ಬಿತ್ತೋ ಅದರೊಂದಿಗೆ ಅವನ ನಂಟು. ಆಮೇಲೆ ಗುರು ನೆತ್ತಿಗೆ ನೀರು ಚಿಮುಕಿಸುತ್ತಾರೆ. ಕೂಕಾಯ್ ಎಸೆದ ಹೂ ಎರಡು ಮಂಡಲಗಳಲ್ಲೂ ನಡುವಿನ ಬುದ್ಧ ಮಹಾವೈರೋಚನನ ಮೇಲೇ ಬಿತ್ತೆಂದು ಆತನೇ ಬರೆದಿದ್ದಾನೆ. ಆ ವರ್ಷದ ಆರನೆಯ ತಿಂಗಳಲ್ಲಿ ಗರ್ಭಮಂಡಲದ ಅಭಿಷೇಕ, ಏಳರಲ್ಲಿ ವಜ್ರಧಾತು ಮಂಡಲದ್ದು, ಎಂಟರಲ್ಲಿ ಬೇರೆಯವರಿಗೆ ಕಲಿಸುವ ಹಕ್ಕು ಕೊಡುವ ಆಚಾರ್ಯಾಭಿಷೇಕ. ಮೂರನ್ನೂ ಬಿಡಿಬಿಡಿಯಾಗಿ ಹೆಸರಿಸಿ. ಕ್ರಿಯಾಪದವೂ ಮುಖ್ಯ: ‘ಅಭಿಷೇಕ ಮಾಡಿದರು’ ಎಂದರೆ ಪೂಜೆಯಂತೆ ಕೇಳಿಸುತ್ತದೆ, ‘ನೀಡಿದರು’, ‘ಪಡೆದ’ ಸರಿ.

‘ಗುಹ್ಯ’ ಸಂಸ್ಕೃತದಲ್ಲಿ ಶುದ್ಧ ಪದ, ಗುಹ್ಯಸಮಾಜ ತಂತ್ರ ಎಂಬ ಬೌದ್ಧ ಗ್ರಂಥದ ಹೆಸರಲ್ಲೇ ಇದೆ. ಆದರೆ ಕನ್ನಡದಲ್ಲಿ ‘ಗುಹ್ಯಾಂಗ’ ಅದನ್ನು ನುಂಗಿಹಾಕಿದೆ. ‘ರಹಸ್ಯ ಬೋಧೆ’ಯಲ್ಲಿ ಏನೋ ಮುಚ್ಚಿಟ್ಟ ವಾಸನೆ. ಜಪಾನಿಗೆ ಮರಳಿ ಕೂಕಾಯ್ ಬೆಳೆಸಿದ ಪಂಥದ ಹೆಸರು ಶಿಂಗೊನ್, ಅಕ್ಷರಶಃ ‘ಸತ್ಯವಾಕ್ಯ’. ಚೀನೀಯರು ‘ಮಂತ್ರ’ ಶಬ್ದಕ್ಕೆ ಬಳಸಿದ ಪದವೇ ಅದು. ಹಾಗಾಗಿ ‘ಮಂತ್ರಯಾನ’ ಎಂದೇ ಬರೆಯಿರಿ.