ಮ್ಯಾನ್ ಪುಟದ ಕಾಗುಣಿತ ತಿದ್ದಿದರೂ ಮೇಕ್ ಕೊಟ್ಟೊಡನೆ ಹಳೆಯ ತಪ್ಪೇ ಮರಳುತ್ತಿದೆ

ಪ್ರಶ್ನೆ

ನಮಸ್ಕಾರ. ಜಾಲದಲ್ಲಿ ದಾರಿ ಕಂಡುಕೊಳ್ಳುವ ಬಿಜಿಪಿ, ಒಎಸ್‌ಪಿಎಫ್ ನಿಯಮಾವಳಿಗಳನ್ನು ನಡೆಸುವ ಒಂದು ಮುಕ್ತ ತಂತ್ರಾಂಶವನ್ನು ಬಹಳ ದಿನದಿಂದ ಬಳಸುತ್ತಿದ್ದೇನೆ. ಕೋಡ್ ಬರೆದುಕೊಡುವಷ್ಟು ಸಿ ಭಾಷೆ ನನಗೆ ಬಾರದು. ದಾಖಲೆಯಲ್ಲಿ ಕಣ್ಣಿಗೆ ಬಿದ್ದ ತಪ್ಪುಗಳನ್ನಾದರೂ ತಿದ್ದಿ ಕಳಿಸೋಣವೆಂದು ಕುಳಿತೆ. ಮ್ಯಾನ್ ಪುಟದಲ್ಲಿ, ಅಂದರೆ ಅದರ ಕೈಪಿಡಿಯ ಪುಟದಲ್ಲಿ, ‘ರಿಸೀವ್’ ಪದದ ಇ ಮತ್ತು ಐ ಅಕ್ಷರಗಳು ಅದಲುಬದಲಾಗಿದ್ದವು. ಡಾಟ್ 8 ಎಂದು ಕೊನೆಯಾಗುವ ಕಡತ ತೆರೆದು ಸರಿಪಡಿಸಿದೆ. ತಂತ್ರಾಂಶವನ್ನು ಕಟ್ಟುವ ಮೇಕ್ ಆದೇಶ ಕೊಟ್ಟರೆ ಮತ್ತೆ ಅದೇ ತಪ್ಪು. ಮೂರು ಸಲ ಹೀಗೇ ಆಯಿತು. ಕಡತಗಳ ಬದಲಾವಣೆಯ ಲೆಕ್ಕವಿಡುವ ಗಿಟ್‌ನಲ್ಲಿ ಸ್ಟೇಟಸ್ ಕೇಳಿದರೆ ಬದಲಾವಣೆಯೇ ಇಲ್ಲ ಎನ್ನುತ್ತಿದೆ.

ಬೇಸತ್ತು ಕಾಗುಣಿತ ತಿದ್ದುವ ಕೋಡ್‌ಸ್ಪೆಲ್ ಹಾಕಿಕೊಂಡು, ಕಡತಗಳಿಗೆ ನೇರವಾಗಿ ಬರೆಯುವ ಡಬ್ಲ್ಯೂ ಆಯ್ಕೆಯೊಂದಿಗೆ ಇಡೀ ರೆಪಾಸಿಟರಿಯ ಮೇಲೆ ಓಡಿಸಿದೆ. ಈಗ ಪರೀಕ್ಷೆಗಳೇ ವಿಫಲವಾಗುತ್ತಿವೆ. ಎಲ್ಲಿ ಎಡವಿದೆ?

ಉತ್ತರ 1

ಗಿಟ್ ಸುಮ್ಮನಿರುವುದೇ ಇಲ್ಲಿ ಸುಳಿವು. ನೀವು ತಿದ್ದಿದ್ದು ಮೂಲವನ್ನಲ್ಲ, ಮೂಲದಿಂದ ತಯಾರಾಗಿ ಬಂದ ಕಡತವನ್ನು. ಗಿಟ್‌ಇಗ್ನೋರ್‌ನಲ್ಲಿ ಅದರ ಹೆಸರಿರುತ್ತದೆ, ಹಾಗಾಗಿ ಗಿಟ್ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಪ್ಪಾದ ಪದವನ್ನು ಹಾಗೆಯೇ ಕೊಟ್ಟು ಗಿಟ್ ಗ್ರೆಪ್ ಓಡಿಸಿ. ಅದು ಗಿಟ್ ನೋಡಿಕೊಳ್ಳುವ ಕಡತಗಳಲ್ಲಿ ಮಾತ್ರ ಹುಡುಕುವುದರಿಂದ ಮೂಲವೇ ಸಿಗುತ್ತದೆ. ಬಹುಶಃ ಡಾಕ್ ಕೋಶದೊಳಗಿನ ಒಂದು ಆರ್‌ಎಸ್‌ಟಿ ಕಡತ, ಅಂದರೆ ದಾಖಲೆಯನ್ನು ಸರಳ ಪಠ್ಯದಲ್ಲಿ ಬರೆದಿಡುವ ಕಡತ. ಎಲ್ಲ ಯೋಜನೆಗಳಲ್ಲೂ ಹೀಗಿರುವುದಿಲ್ಲ. ಲಿನಕ್ಸ್‌ನ ಜಾಲ ಉಪಕರಣಗಳಾದ ಐಪಿರೂಟ್2ರ ಮ್ಯಾನ್ ಪುಟಗಳು ಹೆಚ್ಚಾಗಿ ಕೈಯಲ್ಲೇ ಬರೆದವು, ಅಲ್ಲಿ ಡಾಟ್ 8 ಕಡತವೇ ಮೂಲ.

ಇನ್ನು ಕೋಡ್‌ಸ್ಪೆಲ್. ಮೊದಲು ಗಿಟ್ ರಿಸ್ಟೋರ್ ಕೊಟ್ಟು ಎಲ್ಲವನ್ನೂ ಹಿಂದಕ್ಕೆ ತನ್ನಿ. ಸಾಮಾನ್ಯ ತಪ್ಪುಗಳ ಒಂದು ಪಟ್ಟಿಯೊಂದಿಗೆ ಪದಗಳನ್ನು ಹೋಲಿಸುವುದಷ್ಟೇ ಆ ಉಪಕರಣದ ಕೆಲಸ. ನೆರೆಯ ಯಂತ್ರಗಳನ್ನು ಪತ್ತೆಹಚ್ಚುವ ಐಪಿವಿ6 ವ್ಯವಸ್ಥೆಯನ್ನು ನಾವೆಲ್ಲ ಎನ್‌ಡಿ ಎಂದು ಬರೆಯುತ್ತೇವೆ. ಕೋಡ್‌ಸ್ಪೆಲ್ ಮಾತ್ರ ಯಾರೋ ‘ಆ್ಯಂಡ್’ ಎಂದು ಬರೆಯುವಾಗ ಮೊದಲ ಅಕ್ಷರ ಬಿಟ್ಟರೆಂದು ತಿಳಿಯುತ್ತದೆ. ಇಂಥ ಪದಗಳನ್ನು ದೊಡ್ಡ ಎಲ್ ಆಯ್ಕೆಯಲ್ಲಿ ಹೊರಗಿಡಿ. ಡಬ್ಲ್ಯೂ ಆಯ್ಕೆ ಬೇಡವೇ ಬೇಡ. ಡಾಕ್ ಕೋಶದ ಮೇಲೆ ಮಾತ್ರ ಓಡಿಸಿ, ಪ್ರತಿ ಸಾಲನ್ನೂ ನೀವೇ ಓದಿ ತೀರ್ಮಾನಿಸಿ.

ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಪದವನ್ನು ಓದುವುದು ಮನುಷ್ಯರೋ, ಯಂತ್ರವೋ? ಯಾವ ಪುಟದಿಂದ ಬಂದಿರೆಂದು ಬ್ರೌಸರ್ ತಾಣಕ್ಕೆ ತಿಳಿಸುವ ಎಚ್‌ಟಿಟಿಪಿಯ ‘ರೆಫರರ್’ ಹೆಡರ್ ನೋಡಿ. ನಡುವೆ ಎರಡು ಆರ್ ಇರಬೇಕಾದಲ್ಲಿ ಒಂದೇ ಇದೆ. 1996ರ ಆರ್‌ಎಫ್‌ಸಿ 1945 ಎಂಬ ಎಚ್‌ಟಿಟಿಪಿ ವಿವರಣಾ ದಾಖಲೆಯಲ್ಲಿ ಹಾಗೆಯೇ ಅಚ್ಚಾಯಿತು, ಇಂದಿಗೂ ಬ್ರೌಸರ್‌ಗಳು ಹಾಗೆಯೇ ಕಳಿಸುತ್ತವೆ. ಆಮೇಲೆ ಬಂದ ‘ರೆಫರರ್ ಪಾಲಿಸಿ’ ಹೆಡರ್‌ನಲ್ಲಿ ಕಾಗುಣಿತ ಸರಿಯಾಗಿದೆ. ಒಂದೇ ಪುಟದಲ್ಲಿ ಎರಡೂ ಬಂದರೆ ಎರಡನ್ನೂ ಇದ್ದಂತೆಯೇ ಬಿಡಬೇಕು. ನೀವು ‘ತಿದ್ದಿದ’ ಹೆಡರನ್ನು ನಂಬಿ ನಿಯಮ ಬರೆದವರು ಅದೇಕೆ ಕೆಲಸ ಮಾಡುತ್ತಿಲ್ಲವೆಂದು ರಾತ್ರಿಯೆಲ್ಲ ಹುಡುಕುತ್ತಾರೆ. ‘ನೇಬರ್’ ಕೂಡ ಹಾಗೆಯೇ: ಐಪಿರೂಟ್2ರ ಪುಟದಲ್ಲಿ ಯು ಇರುವ ಬ್ರಿಟಿಷ್ ರೂಪ, ಎಫ್‌ಆರ್‌ಆರ್ ಎಂಬ ರೌಟಿಂಗ್ ತಂತ್ರಾಂಶದ ಆದೇಶದಲ್ಲಿ ಯು ಇಲ್ಲದ ಅಮೆರಿಕನ್ ರೂಪ. ಎರಡೂ ತಪ್ಪಲ್ಲ.

ಪ್ರಶ್ನೆ ಕೇಳಿದವರು

ಮೂಲ ಸಿಕ್ಕಿತು, ತುಂಬ ಧನ್ಯವಾದ. ಅದೇ ತಪ್ಪು ಸಿ ಕಡತದ ಒಂದು ಲಾಗ್ ಸಂದೇಶದಲ್ಲೂ, ಬೇರೆ ಪ್ರೋಗ್ರಾಂಗಳು ಓದುವ ಜೇಸನ್ ಔಟ್‌ಪುಟ್‌ನ ಒಂದು ಕೀಲಿಯಲ್ಲೂ (ಮಾಹಿತಿಗೆ ಕೊಟ್ಟ ಹೆಸರು) ಇದೆ. ಪರೀಕ್ಷೆ ಬಿದ್ದದ್ದು ಅದರಿಂದಲೇ ಇರಬೇಕು.

ಆದರೆ ಹೊಸದೊಂದು ತೊಡಕು. ಒಂದು ಶೀರ್ಷಿಕೆಯಲ್ಲಿ ‘ಅಡ್ರೆಸ್’ ಪದಕ್ಕೆ ಒಂದೇ ಡಿ ಇತ್ತು, ಇನ್ನೊಂದು ಸೇರಿಸಿದೆ. ನಾನು ಮುಟ್ಟಿದ್ದು ಅದೊಂದೇ ಅಕ್ಷರ. ದಾಖಲೆಯ ಬಿಲ್ಡ್ ನಿಂತುಹೋಯಿತು!

ಉತ್ತರ 2

ಶೀರ್ಷಿಕೆಯ ಕೆಳಗಿನ ಗೆರೆಯನ್ನು ಎಣಿಸಿ. ಆರ್‌ಎಸ್‌ಟಿಯಲ್ಲಿ ಆ ಗೆರೆ ಕನಿಷ್ಠ ಶೀರ್ಷಿಕೆಯಷ್ಟಾದರೂ ಉದ್ದವಿರಬೇಕು. ನೀವು ಸೇರಿಸಿದ ಡಿಯಿಂದ ಶೀರ್ಷಿಕೆ ಒಂದು ಅಕ್ಷರ ಬೆಳೆಯಿತು, ಗೆರೆ ಅಲ್ಲೇ ಉಳಿಯಿತು. ದಾಖಲೆಯನ್ನು ಕಟ್ಟುವ ಸ್ಫಿಂಕ್ಸ್ ಇದಕ್ಕೆ ಎಚ್ಚರಿಕೆಯನ್ನಷ್ಟೇ ಕೊಡುತ್ತದೆ; ನಿಮ್ಮ ಯೋಜನೆಯಲ್ಲಿ ಎಚ್ಚರಿಕೆಗಳನ್ನೂ ದೋಷವೆಂದು ಎಣಿಸುವ ಆಯ್ಕೆ ಇಟ್ಟಿರಬೇಕು. ಗೆರೆಗೆ ಇನ್ನೊಂದು ಸಮಚಿಹ್ನೆ (=) ಸೇರಿಸಿ, ಸರಿಹೋಗುತ್ತದೆ.

ಜೇಸನ್ ಕೀಲಿಯನ್ನು ಮುಟ್ಟಬೇಡಿ. ಅದನ್ನು ಹೆಸರು ಹಿಡಿದು ಓದುವ ಪ್ರೋಗ್ರಾಂಗಳು ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ. ಸರಿಯಾದ ಹೆಸರಿನ ಕೀಲಿಯನ್ನೂ ಜೊತೆಗೆ ಕೊಟ್ಟು, ಹಳೆಯದನ್ನು ನಿಧಾನವಾಗಿ ಕೈಬಿಡುವುದು ನಿರ್ವಾಹಕರ ಕೆಲಸ. ಲಾಗ್ ಸಂದೇಶ ಬೇರೆ ಕಮಿಟ್‌ನಲ್ಲಿ ಹೋಗಲಿ, ಪರೀಕ್ಷೆ ನಿರೀಕ್ಷಿಸುವ ಪಠ್ಯವನ್ನೂ ಅದರಲ್ಲೇ ಬದಲಿಸಿ. ಪ್ಯಾರಾಗಳನ್ನು ಮಾತ್ರ ಹೊಸದಾಗಿ ಸಾಲು ಜೋಡಿಸಬೇಡಿ. ಒಂದು ಅಕ್ಷರದ ತಿದ್ದುಪಡಿ ಹನ್ನೆರಡು ಸಾಲುಗಳ ಡಿಫ್ ಆಗಿಬಿಟ್ಟರೆ ಪರಿಶೀಲಿಸುವವರಿಗೆ ನಿಮ್ಮ ಅಕ್ಷರ ಕಾಣುವುದೇ ಇಲ್ಲ.

ಕಮಿಟ್ ಮಾಡುವಾಗ ಸಣ್ಣ ಎಸ್ ಆಯ್ಕೆ ಕೊಡಿ. ಸೈನ್ಡ್ ಆಫ್ ಬೈ ಎಂಬ ಸಹಿಯ ಸಾಲು ಇಲ್ಲದ ತೇಪೆಯನ್ನು (ಪ್ಯಾಚ್) ಹಲವು ನೆಟ್‌ವರ್ಕಿಂಗ್ ಯೋಜನೆಗಳು ಸ್ವೀಕರಿಸುವುದಿಲ್ಲ, ಅದು ಒಂದಕ್ಷರದ ತೇಪೆಯಾದರೂ ಸರಿಯೇ.

ಪ್ರಶ್ನೆ ಕೇಳಿದವರು

ಗೆರೆ ಉದ್ದ ಮಾಡಿದೆ, ಬಿಲ್ಡ್ ಆಯಿತು. ಡಾಕ್‌ನ ಮೂರು ಕಡತಗಳು ಒಂದು ಕಮಿಟ್‌ನಲ್ಲಿ, ಲಾಗ್ ಸಂದೇಶ ಮತ್ತು ಅದರ ಪರೀಕ್ಷೆ ಇನ್ನೊಂದರಲ್ಲಿ ಹೋಗಿವೆ. ಎರಡಕ್ಕೂ ಸಹಿಯ ಸಾಲು ಇದೆ. ಪರೀಕ್ಷೆಗಳೆಲ್ಲ ತೇರ್ಗಡೆಯಾದವು. ಜೇಸನ್ ಕೀಲಿಗೆ ಪ್ರತ್ಯೇಕ ಇಶ್ಯೂ ತೆರೆದು, ಅದು ಯಾವ ಯಾವ ಆದೇಶಗಳ ಔಟ್‌ಪುಟ್‌ನಲ್ಲಿ ಕಾಣುತ್ತದೆಂದು ಬರೆದಿದ್ದೇನೆ.