ಗೆಳೆಯರು ಸೇರಿ ಆಶುವಾಗಿ ನುಡಿಸುವಾಗ ಕಲಸುಮೇಲೋಗರವಾಗದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ:
ನಾವು ನಾಲ್ವರು ಗೆಳೆಯರು ವಾರಕ್ಕೊಮ್ಮೆ ಒಂದೆಡೆ ಸೇರಿ, ಯಾವ ಹಾಡನ್ನೂ ಮೊದಲೇ ಗೊತ್ತುಮಾಡಿಕೊಳ್ಳದೆ, ಆ ಹೊತ್ತಿಗೆ ಹೊಳೆದದ್ದನ್ನು ನುಡಿಸುತ್ತೇವೆ. ಕೀಬೋರ್ಡ್, ಬೇಸ್ ಗಿಟಾರ್, ಪೆಟ್ಟಿಗೆಯಂತಿರುವ ತಾಳವಾದ್ಯವಾದ ಕಹೋನ್‌ಗಳ ಜೊತೆಗೆ ನನ್ನದು ಪಿಟೀಲು. ಆರಂಭ ಸೊಗಸಾಗಿಯೇ ಇರುತ್ತದೆ. ಆದರೆ ಐದು ನಿಮಿಷ ಕಳೆಯುವಷ್ಟರಲ್ಲಿ ಎಲ್ಲರೂ ಒಟ್ಟಿಗೆ ನುಡಿಸತೊಡಗಿ, ಲಯ ಓಡಲಾರಂಭಿಸಿ, ಕೊನೆಗೆ ಮುಗಿಸುವುದು ಹೇಗೆಂದು ತಿಳಿಯದೆ ಒಬ್ಬೊಬ್ಬರಾಗಿ ಕೈಬಿಡುತ್ತೇವೆ. ಇನ್ನೊಂದು ತೊಡಕು ನನ್ನದೇ. ವರ್ಣ, ಕೃತಿಗಳು ಕೈಯಲ್ಲಿದ್ದರೂ ನನ್ನ ಸರದಿ ಬಂದಾಗ ಪಾಠವಾದ ಚಿಟ್ಟೆಸ್ವರ (ಮೊದಲೇ ರಚಿಸಿಟ್ಟ ಸ್ವರಸಾಲು) ಅಲ್ಲದೆ ಬೇರೇನೂ ಬೆರಳಿಗೆ ಬರುವುದಿಲ್ಲ. ನಿಯಮಗಳನ್ನು ಹಾಕಿಕೊಂಡರೆ ನುಡಿಸುವ ಸಂತೋಷವೇ ಹೋಗಿಬಿಡುತ್ತದೆ ಎಂದು ಕೀಬೋರ್ಡ್ ನುಡಿಸುವ ಗೆಳೆಯ ವಾದಿಸುತ್ತಾನೆ. ಅನುಭವಿಗಳು ಏನೆನ್ನುತ್ತೀರಿ?

ಮೊದಲ ಉತ್ತರ:
ನಿಮ್ಮ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಪರಸ್ಪರ ಪರಿಚಯವೇ ಇಲ್ಲದ ವಾದಕರು ಅಮೆರಿಕದ ಸಂಗೀತಪ್ರಕಾರವಾದ ಬ್ಲೂಸ್‌ನಲ್ಲಿ ಕೂಡಲೇ ಜೊತೆಗೂಡಬಲ್ಲರೆಂದರೆ, ಅದರ ಚೌಕಟ್ಟು ಎಲ್ಲರಿಗೂ ಬಾಯಿಪಾಠವಾಗಿದೆ ಎಂಬುದೇ ಕಾರಣ: 12 ಬಾರ್‌ಗಳ (ತಾಳದ ಸಮಭಾಗಗಳ) ಒಂದು ಸುತ್ತು, ಒಟ್ಟಿಗೆ ನುಡಿಸುವ ಸ್ವರಗುಂಪುಗಳಾದ ಮೂರೇ ಕಾರ್ಡ್‌ಗಳು, ಐದನೆಯ ಬಾರ್‌ನಲ್ಲಿ ನಾಲ್ಕನೆಯ ಸ್ವರವಾದ ಮಧ್ಯಮದ ಕಾರ್ಡ್ ಬರುತ್ತದೆಂದು ಯಾರೂ ಹೇಳಬೇಕಾಗಿಲ್ಲ. ನೀವು ಆದಿತಾಳವನ್ನೇ ಚೌಕಟ್ಟಾಗಿ ಇಟ್ಟುಕೊಳ್ಳಬಹುದು. ಎಂಟು ಎಣಿಕೆಯ ಆವರ್ತನ (ತಾಳದ ಒಂದು ಪೂರ್ಣ ಸುತ್ತು) ನಾಲ್ಕೆಣಿಕೆಯ ಎರಡು ಬಾರ್‌ಗಳಿಗೆ ಸಮವಾದ್ದರಿಂದ ಕೀಬೋರ್ಡ್‌ನವರಿಗೂ ತೊಡಕಿಲ್ಲ. ಒಬ್ಬೊಬ್ಬರಿಗೂ ನಾಲ್ಕು ಆವರ್ತನಗಳ ಸರದಿ ಕೊಟ್ಟು, ಒಂದು ಸುತ್ತಾದ ಮೇಲೆ ಎರಡು, ಒಂದು, ಅರ್ಧ ಎಂದು ಇಳಿಸುತ್ತ ಬನ್ನಿ. ಕಲ್ಪನಾಸ್ವರದಲ್ಲಿ (ಆ ಹೊತ್ತಿಗೆ ಹೊಳೆದ ಸ್ವರಗಳನ್ನು ಹಾಡುವ, ನುಡಿಸುವ ಭಾಗದಲ್ಲಿ) ಗಾಯಕರೂ ಪಿಟೀಲುವಾದಕರೂ ಮಾಡುವುದು ಇದನ್ನೇ. ಸರದಿ ಇಲ್ಲದವರು ಆದಷ್ಟು ಕಡಿಮೆ ನುಡಿಸಬೇಕು. ಅದರಲ್ಲೂ ಕೀಬೋರ್ಡ್‌ನ ಬಲಗೈ ಪಿಟೀಲಿನ ಸ್ಥಾಯಿಗೇ ಬಂದು ಕುಳಿತರೆ ಎರಡೂ ಸ್ಪಷ್ಟವಾಗಿ ಕೇಳಿಸುವುದಿಲ್ಲ. (ಬೇಸ್ ವಾದಕರ ಮೇಲೆ ಈ ದೂರು ಬರುವುದು ಅಪರೂಪ.) ಲಯ ಓಡುವುದಕ್ಕೂ ಬಹುಮಟ್ಟಿಗೆ ಇದೇ ಮೂಲ: ತನ್ನದು ಕೇಳಿಸಲೆಂದು ಒಬ್ಬರು ಜೋರು ಮಾಡಿದರೆ ಮಿಕ್ಕವರೂ ಜೋರು ಮಾಡುತ್ತಾರೆ, ಜೋರಾದ ಕೈ ತಾನಾಗಿ ಮುಂದೋಡುತ್ತದೆ.

ಎರಡನೆಯ ಉತ್ತರ:
ಬೆರಳು ಕಟ್ಟಿಹೋಗುವುದಕ್ಕೆ ಒಂದು ಪ್ರಯೋಗ ಹೇಳುತ್ತೇನೆ. ಕೀಬೋರ್ಡಿನ ಕಪ್ಪು ಮನೆಗಳ ಸ್ವರಗಳನ್ನು ಮಾತ್ರ ಬಳಸುವುದೆಂದು ಎಲ್ಲರೂ ಒಪ್ಪಿಕೊಳ್ಳಿ; ನೀವು ಪಿಟೀಲನ್ನು ನಾಲ್ಕೂವರೆ ಶ್ರುತಿಗೆ (ಅಂದರೆ ಎಫ್ ಶಾರ್ಪ್‌ಗೆ) ಕೂಡಿಸಿಕೊಳ್ಳಿ. ಎಫ್ ಶಾರ್ಪನ್ನು ಷಡ್ಜವಾಗಿ (ಆಧಾರಸ್ವರವಾಗಿ) ಇಟ್ಟರೆ ಆ ಐದು ಸ್ವರಗಳು ಮೋಹನ ರಾಗದವು. ಮೇಜರ್ ಪೆಂಟಟಾನಿಕ್ ಎನ್ನುವುದೂ ಅದನ್ನೇ. ಪಕ್ಕಪಕ್ಕದ ಎರಡು ಸ್ವರಸ್ಥಾನಗಳು ಇವುಗಳಲ್ಲಿ ಎಲ್ಲಿಯೂ ಇಲ್ಲವಾದ್ದರಿಂದ, ಇಬ್ಬರು ಏಕಕಾಲಕ್ಕೆ ಬೇರೆ ಬೇರೆ ಸ್ವರ ಹಿಡಿದರೂ ಕಿವಿಗೆ ಚುಚ್ಚುವುದಿಲ್ಲ. ತಪ್ಪುವ ಭಯ ಅರ್ಧಕ್ಕರ್ಧ ಇಳಿಯುತ್ತದೆ. ಅದು ರೂಢಿಯಾದ ಮೇಲೆ ಬೇಸ್ ವಾದಕರು, ಮುನ್ಸೂಚನೆ ಕೊಡದೆ, ತಮ್ಮ ತಳಸ್ವರವನ್ನು ಜಿ ಶಾರ್ಪ್‌ಗೆ ಸರಿಸಲಿ: ನೀವು ಅವೇ ಸ್ವರಗಳನ್ನು ನುಡಿಸುತ್ತಿದ್ದರೂ ಕೇಳಿಬರುವುದು ಮಧ್ಯಮಾವತಿ. ಎ ಶಾರ್ಪ್‌ಗೆ ಸರಿಸಿದರೆ ಹಿಂದೋಳ. ಗಮಕವಿಲ್ಲದೆ (ಸ್ವರಗಳನ್ನು ಓಲಾಡಿಸದೆ) ಇವನ್ನು ರಾಗವೆನ್ನಲು ಪಂಡಿತರು ಒಪ್ಪಲಿಕ್ಕಿಲ್ಲ, ಆದರೆ ನೆರಳಂತೂ ಕಾಣುತ್ತದೆ. ನಿಮ್ಮ ಕೈಯಲ್ಲಿದ್ದ ಪಂಚಮ ಇದ್ದಕ್ಕಿದ್ದಂತೆ ಮಧ್ಯಮವಾಗಿ ಬಿಟ್ಟಾಗ ಚಿಟ್ಟೆಸ್ವರ ಉಪಯೋಗಕ್ಕೆ ಬರುವುದಿಲ್ಲ, ಹೊಸದನ್ನು ಹುಡುಕಲೇಬೇಕಾಗುತ್ತದೆ. ಅಂದಹಾಗೆ, ಆವರ್ತನಗಳನ್ನು ಲೆಕ್ಕಹಾಕಿ ಹಂಚುವುದು ಮೊದಲ ದಿನಗಳಲ್ಲಿ ಬೇಡ. ಎಣಿಕೆಯಲ್ಲೇ ಮುಳುಗಿದವರಿಗೆ ಪಕ್ಕದವರು ಏನು ನುಡಿಸಿದರೆಂಬುದೇ ಕೇಳಿಸಿರುವುದಿಲ್ಲ.

ಮೂರನೆಯ ಉತ್ತರ:
ಮುಗಿಸುವ ಬಗೆಯನ್ನು ಯಾರೂ ಹೇಳಲಿಲ್ಲ. ಒಂದು ಪುಟ್ಟ ಮುಕ್ತಾಯವನ್ನು ಸಿದ್ಧವಾಗಿಟ್ಟುಕೊಳ್ಳಿ. ಎಣಿಕೆಗೆ ನಾಲ್ಕು ಮಾತ್ರೆಗಳಂತೆ ಆದಿತಾಳದ ಒಂದು ಆವರ್ತನಕ್ಕೆ 32 ಮಾತ್ರೆಗಳಾಗುತ್ತವೆ. ಸಮದಿಂದ (ಆವರ್ತನದ ಮೊದಲ ಎಣಿಕೆಯಿಂದ) ಹೊರಟು, 10 ಮಾತ್ರೆಗಳ ಒಂದು ಸ್ವರಗುಚ್ಛವನ್ನು ಮೂರು ಬಾರಿ ನುಡಿಸಿ, ನಡುವಿನ ಎರಡು ಕಡೆ ಒಂದೊಂದು ಮಾತ್ರೆ ಬಿಟ್ಟರೆ ಲೆಕ್ಕ ಸರಿಯಾಗುತ್ತದೆ, ಮುಂದಿನ ಸಮದ ಮೇಲೆ ಎಲ್ಲರೂ ಒಟ್ಟಿಗೆ ನಿಲ್ಲಬಹುದು. ಗುಚ್ಛ ಎರಡನೆಯ ಬಾರಿ ಬಂದಾಗಲೇ ಉಳಿದವರಿಗೆ ಸುಳಿವು ಸಿಕ್ಕಿರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಕಪ್ಪು ಮನೆಗಳ ಪ್ರಯೋಗವನ್ನು ಈ ವಾರವೇ ಮಾಡುತ್ತೇವೆ. ಕಹೋನ್ ನುಡಿಸುವವರಿಗೆ ನಮ್ಮ ತಾಳಪದ್ಧತಿಯ ಪರಿಚಯವಿಲ್ಲ. ಹತ್ತರ ಗುಚ್ಛವನ್ನು ಅವರಿಗೆ ಹೇಗೆ ಹೇಳಿಕೊಡಲಿ?

ಮೂರನೆಯ ಉತ್ತರ ಬರೆದವರು:
"ತಕಿಟ ತಕಿಟ ತಕದಿಮಿ" ಎಂದು ಬಾಯಲ್ಲಿ ಹೇಳಿಸಿ. ಮೂರು, ಮೂರು, ನಾಲ್ಕು. ಕೈಯಲ್ಲಿ ತಾಳ ಹಾಕುತ್ತ ತಪ್ಪಿಲ್ಲದೆ ಹೇಳಲು ಬರುವವರೆಗೆ ಕಹೋನ್ ಮುಟ್ಟುವುದು ಬೇಡ.