ಅಜಿಲಿಟಿಗೆ ಕನ್ನಡದಲ್ಲಿ ಏನನ್ನೋದು? (ಅರ್ಜೆಂಟ್, ನಾಳೆ ಪ್ರಿಂಟ್)

ನಮಸ್ಕಾರ. ನಾನಿರೋದು ಕೆನಡಾದ ಬ್ರಾಂಪ್ಟನ್‌ನಲ್ಲಿ, ಮಗ ಐಸ್ ಹಾಕಿ ಆಡ್ತಾನೆ. ಬೇಸಿಗೇಲಿ ಐಸ್ ಬಿಟ್ಟು ನೆಲದ ಮೇಲೆ ಮಾಡಿಸೋ ತರಬೇತಿಗೆ ಇಲ್ಲಿ ಡ್ರೈಲ್ಯಾಂಡ್ ಅಂತಾರೆ. ಮಕ್ಕಳನ್ನ ಕರ್ಕೊಂಡು ಬರೋದು ಊರಿಂದ ಬಂದಿರೋ ಅಜ್ಜ-ಅಜ್ಜಿಯರು, ಅವ್ರಿಗೆ ಒಂದು ಕನ್ನಡ ಹಾಳೆ ಮಾಡ್ತಿದೀನಿ. 'ರಿಯಾಕ್ಟಿವ್ ಅಜಿಲಿಟಿ'ಗೆ ಏನು ಹಾಕ್ಲಿ? ಅಂದ್ರೆ ಎದುರಿಗೆ ಆಗೋದನ್ನ ನೋಡಿ ತಟ್ಟನೆ ಮೈ ತಿರುಗಿಸೋದು. ಕೋನ್ ಇಟ್ಟು ಸುತ್ತೋದಲ್ಲ, ಎತ್ತ ತಿರುಗ್ಬೇಕು ಅಂತ ಮೊದಲೇ ಗೊತ್ತಿರಬಾರದು. ಒಬ್ಬ ಎರಡೂ ಕೈ ಚಾಚಿ ಭುಜದ ಎತ್ತರಕ್ಕೆ ಟೆನಿಸ್ ಬಾಲ್ ಹಿಡ್ಕೊಂಡಿರ್ತಾನೆ, ಯಾವುದನ್ನ ಬಿಡ್ತಾನೋ ಗೊತ್ತಿಲ್ಲ, ಎದುರಿಗೆ ನಾಲ್ಕೈದು ಹೆಜ್ಜೆ ದೂರ ನಿಂತೋನು ಅದು ಎರಡನೇ ಸಲ ಪುಟಿಯೋದ್ರೊಳಗೆ ಹಿಡೀಬೇಕು. ಸದ್ಯಕ್ಕೆ 'ಪ್ರತಿಕ್ರಿಯಾತ್ಮಕ ಚಪಲತೆ: ಒಣಭೂಮಿ ತರಬೇತಿ' ಅಂತ ಬರ್ದಿದೀನಿ.

— ಶ್ರೀ, ಬ್ರಾಂಪ್ಟನ್

ದಯವಿಟ್ಟು ಬೇಡ. ಚಪಲ ಅಂದ್ರೆ ನಮ್ಮಲ್ಲಿ ಬಾಯಿಚಪಲ, ಇನ್ನೊಂದನ್ನ ಇಲ್ಲಿ ಹೇಳೋ ಹಾಗಿಲ್ಲ. ಒಣಭೂಮಿ ಅಂದ್ರೆ ಖುಷ್ಕಿ ಜಮೀನು, ಅಜ್ಜ ರಾಗಿ ಬೀಜ ತರ್ತಾರೆ.

— ಎಂ.ಎನ್., ಮಂಡ್ಯ

ಖುಷ್ಕಿ ನಿಮ್ಮ ಕಡಿ. ನಮ್ಮ ಉತಾರದಾಗ (ಪಹಣಿ) ಜಿರಾಯತ ಅಂತ ಇರ್ತೈತ್ರಿ.

— ಬಸು, ಧಾರವಾಡ

ಎರಡೂ ಪಾರ್ಸಿ-ಅರಬ್ಬಿ ಮೂಲದವು, ಬಿಡಿ. 'ಚುರುಕು' ಇರುವಾಗ ಯಾಕೆ ಪರದಾಟ? ಚುರ್ ಅಂದ ತಕ್ಷಣ ಕೈ ಎಳ್ಕೋತೀವಲ್ಲ, ಚುರುಗುಟ್ಟು, ಚುರುಕು ಎಲ್ಲಾ ಅದೇ ಬೇರು, ಎದುರಿನದಕ್ಕೆ ಮೈ ಸ್ಪಂದಿಸೋದು ಪದದೊಳಗೇ ಇದೆ. 'ಪ್ರತಿಕ್ರಿಯಾತ್ಮಕ' ಅನ್ನೋ ಸಂಸ್ಕೃತದ ಬಾಲ ಕತ್ತರಿಸಿ.

— ಜಿ.ಕೆ.

ಜಿ.ಕೆ. ಅವ್ರ ಬೇರಿನ ಕತೆ ನಾನೊಪ್ಪಲ್ಲ, ಆದ್ರೆ ಬಾಲ ಬೇಡ ಅನ್ನೋದು ಸರಿ. 2006ರಲ್ಲಿ ಕ್ರೀಡಾ ವಿಜ್ಞಾನಿಗಳಾದ ಶೆಪರ್ಡ್ ಮತ್ತೆ ಯಂಗ್ ಕೊಟ್ಟ ವ್ಯಾಖ್ಯೆಯಲ್ಲೇ ಅಜಿಲಿಟಿ ಅಂದ್ರೆ ಒಂದು ಪ್ರಚೋದನೆಗೆ ಇಡೀ ಮೈ ವೇಗ ಇಲ್ಲಾ ದಿಕ್ಕು ಬದಲಾಯಿಸೋದು. ಕೋನ್ ಸುತ್ತೋದು ಬರೀ ತಿರುಗೋದು. ಅಜ್ಜಿಗೆ 'ಕೆರೆ-ದಡ ಥರದ ಆಟ' ಅಂದ್ರೆ ಸಾಕು.

— ಸುಮಾ, ಪಿ.ಇ. ಟೀಚರ್

ಮೇಡಂ, ಕೆರೆ-ದಡ ಕಿವಿ ಆಟ. ಹಾಕಿಲಿ ಡಿಫೆನ್ಸ್‌ನೋನು ಎದುರಾಳಿ ಎದೆ ನೋಡ್ಬೇಕು, ಪಕ್ (ಆಡೋ ಬಿಲ್ಲೆ) ನೋಡಿದ್ರೆ ಮೋಸ ಹೋಗ್ತಾನೆ. ಮುಟ್ಟಾಟ, ಕಬಡ್ಡಿ ಹತ್ರ ಬರುತ್ತೆ. ಪೇಪರಿನೋರು ಬರೆಯೋ ಕಾಲ್ಚಳಕ ಆಗುತ್ತಾ?

— ಶ್ರೀ

ಅದು ಫುಟ್‌ಬಾಲ್ ಪುಟದ್ದು. ಮೊದಲು 'ಹಾಕಿ'ಗೆ ಕನ್ನಡ ಹುಡುಕಿ.

— ಜಿ.ಕೆ.

ಕೊಡಗಲ್ಲಿ 1997ರಿಂದ ಮನೆತನಗಳ ಹಾಕಿ ಹಬ್ಬ ನಡೀತಿದೆ, ಅಲ್ಲಿ ಹೋಗಿ ಹೇಳಿ ಈ ಮಾತು. ಎಲ್ಲಾ ಪದಾನೂ ತೊಳೆದು ಹಾಕ್ತಾ ಕೂತ್ರೆ ಆಟ ಆಡೋದ್ಯಾವಾಗ.

— ಎಂ.ಎನ್.

'ಚುರುಕಾಟ (ನೆಲದ ಮೇಲೆ)' ಅಂತ ಹಾಕಿ ಪ್ರಿಂಟ್‌ಗೆ ಕೊಟ್ಟೆ. ಎಲ್ಲರಿಗೂ ಥ್ಯಾಂಕ್ಸ್.

— ಶ್ರೀ

ಪ್ರಿಂಟ್ ಅಲ್ಲ, ಅಚ್ಚು.

— ಜಿ.ಕೆ.